ಕೆಳಗಿನ ರೆಪ್ಪಿ

ಬ್ಯಾಡಗಿ ಪ್ಯಾಟ್ಯಾಗ ಕೆಂಪಿಗೇನು ಬರ?
ಕೋಲ್ಡ್ ಸ್ಟೋರೇಜಿನ ಹಿಂದ, ತಗಡಿನ ಶೆಡ್ಡಿನ್ಯಾಗ
ಮಣಕಾಲ ಮಟ ಮೆಣಸಿನಕಾಯಿ ಹರವಿಕೊಂಡು
ತೊಟ್ಟು ಮುರಿಯೋ ಹೆಂಗಸರು ನಾವು ಹದಿನೆಂಟು ಮಂದಿ.
ಡಬ್ಬಿ ಒಂದು ಕಡೆ, ಕಡ್ಡಿ ಒಂದು ಕಡೆ.
ಕಿಲೋ ಲೆಕ್ಕದ ಕೂಲಿ, ಸೀನು ಪುಕ್ಕಟೆ.
ಅಂಗೈ ಎಷ್ಟು ತೊಳೆದರೂ ಕೆಂಪ.
ಇದರ ಬಣ್ಣ ತಗದು ಎಲ್ಲೋ ದೂರದ ಮಂದಿ
ತುಟಿಗೆ ಹಚ್ಚಿಕೊಳ್ತಾರಂತ, ಗುಮಾಸ್ತ ಹೇಳಿದ್ದ.
ಬಾಯಿಗೆ ಸೆರಗು ಹಿಡದು ನಕ್ಕಿದ್ವಿ.

ನನ್ನ ಮಗಳು ಹುಲಿಗೆವ್ವ. ಒಂಬತ್ತನೇತ್ತಾ.
ಹೆಸರಿನ್ಯಾಗ ಹುಲಿ ಐತಿ,
ಸಾಲಿಯ ಹನ್ನೆರಡು ಮೆಟ್ಲಕ್ಕ
ಎರಡು ಸಲ ಕುಂದರತಾಳ.
ಮೈಗಳ್ಳಿ ಅಂದಿದ್ದೆ. ಮತ್ಯಾರೂ ಅಲ್ಲ, ನಾನ ಅಂದಿದ್ದೆ.
ಮುಂಜಾನೆ ಎಬ್ಬಿಸೂವಾಗ ಒಂದೆರಡು ಬಿಗದದ್ದೂ ಐತಿ.

ತಮ್ಮನ ಬಳಪದ ಡಬ್ಬಿ ವಾರಕ್ಕೊಮ್ಮೆ ಖಾಲಿ.
ಇಲಿ ಅಂದುಕೊಂಡಿದ್ವಿ.
ಒಂದಿನ ಹಾಸಿಗಿ ಝಾಡಿಸಿದರ
ತಲಿದಿಂಬಿನ ಕೆಳಗ ಬಳಪದ ತುಂಡು, ಹಸಿ ಅಕ್ಕಿ,
ಗ್ವಾಡಿಯಿಂದ ಕೆರೆದ ಸುಣ್ಣದ ಚಕ್ಕಿ.
ಯಾಕ ತಿಂತಿ ಅಂದ್ರ
'ಗೊತ್ತಿಲ್ಲಬೇ,
ಮಳಿ ಬಿದ್ದ ಮಣ್ಣಿನ ವಾಸನಿ ಬಾಯಾಗ ಬೇಕನಸತೈತಿ.'

ಸೋಮವಾರ ಸಾಲ್ಯಾಗ ನೀಲಿ ಗುಳಿಗಿ ಕೊಡತಾರ.
ವಾಕರಿಕಿ ಬರತೈತಂತ ಈ ಹುಡುಗೇರು
ನಾಲಿಗಿ ಅಡಿ ಮುಚ್ಚಿಟಗೊಂಡು ಬಂದು
ಬೇವಿನಗಿಡದ ಬುಡಕ ಉಗಳತಿದ್ರಂತ.
'ಗಿಡ ಮಾತ್ರ ಈ ವರ್ಷ ಭಾಳ ಚಲೋ ಚಿಗತೈತಿ ನೋಡ್ರಿ'
ಸಿಟ್ಟಿನ್ಯಾಗ ಅಂದ್ರು ಅಕ್ಕೋರು.

ನರ್ಸಬಾಯಿ ಬಟ್ಟು ಚುಚ್ಚಿದ್ಲು.
ಹೆಬ್ಬೆಟ್ಟಿನಿಂದ ಕೆಳಗಿನ ರೆಪ್ಪಿ ಜಗ್ಗಿ
ನನ್ನ ಕರದು ತೋರಿಸಿದ್ಲು: 'ಇಲ್ಲಿ ಕೆಂಪಿರಬೇಕವಾ.'
ಸುಲಿದ ಬಳ್ಳೊಳ್ಳಿ ಹಂಗಿತ್ತು.
ಚೀಟ್ಯಾಗ ಏಳೂವರಿ. ಹನ್ನೆರಡಿರಬೇಕಿತ್ತಂತ.
ಕೂಲಿ ಲೆಕ್ಕ ನನಗ ಬರತೈತಿ: ನಾಲ್ಕೂವರಿ ಕಡಿಮಿ.
ಯಾರು ಮುರಕೊಂಡ್ರು?

ರಾತ್ರಿ ಒಲಿ ಮುಂದ ಕುಂತು ಹೊಳ್ಳಿ ಎಣಿಸಿದೆ.
ಮೊದಲ ಆಕಿ ಅಪ್ಪ, ಆಮ್ಯಾಲ ಹುಡುಗ.
ತತ್ತಿ ಅವಂಗ, ಬೆಳೆಯೋ ಗಂಡು ಅಂತ.
(ಈಕಿನೂ ಬೆಳೀತಿದ್ಲು. ಅದು ಲಂಗ ಗಿಡ್ಡಾದಾಗ ಅಷ್ಟ ಕಂಡಿತ್ತು.)
ಪಲ್ಯದ ಗಟ್ಟಿ ಅವರ ಗಂಗಾಳಕ್ಕ,
ತಳದ ರಸ ನಮಗ.
ಉಳಿದ ರೊಟ್ಟಿ ಚಹಾದಾಗ ಅದ್ದಿ
ಅವ್ವ ಮಗಳು ಉಂಡ್ವಿ ಅಂತ ಏಳತಿದ್ವಿ.
ತಿಂಗಳ ಐದು ದಿನ ಎಂಟಾಗಿ ಹರದರೂ
ಹೆಣ್ಣಿನ ಪಾಲಿಗೆ ಇದ್ದದ್ದ ಅಂತ
ಹಳೇ ಸೀರಿ ಹರದು ಕೊಟ್ಟು ಸುಮ್ಮನಾಗಿದ್ದೆ.
ಕಳ್ಳರ್ಯಾರೂ ಬಂದಿರಲಿಲ್ಲ.
ಸೌಟು ನನ್ನ ಕೈಯಾಗ ಇತ್ತು.

ಈಗ ಬಾಜುಮನಿ ಜೈತೂನಬೂನ ಹಿತ್ತಲದ ನುಗ್ಗಿ
ಅರ್ಧ ನಮ್ಮ ಒಲಿ ಮ್ಯಾಲ ಐತಿ.
'ದಿನಾ ಸೊಪ್ಪೇನ? ನಾವೇನು ಆಡ?' ಅಂದ ಗಂಡ.
ಹೂಂ, ಆಡ, ಅಂದೆ. ಲಿಂಬಿ ಹಿಂಡಿ ಬಡಿಸಿದೆ.
ನಾಲ್ಕು ಗಂಗಾಳ ಒಮ್ಮೆಲೆ.
ಚಹಾದ ಪಾತ್ರಿ ಮ್ಯಾಲಿನ ಮಾಡದಾಗ ಕುಂತು
ಒಂದು ತಾಸು ನಮ್ಮನ್ನ ನೋಡತೈತಿ.

ನಿನ್ನಿ ರವಿವಾರ. ನನ್ನ ಕೂಡ ತೊಟ್ಟು ಮುರಿಯಾಕ ಬಂದಿದ್ಲು.
ರಾತ್ರಿ ಉಣ್ಣಾಕ ಕುಂತಾಗ
ಬಲ್ಬಿನ ಕೆಳಗ ನನ್ನ ಮಾರಿ ಹಿಡದು,
ಥೇಟ್ ನರ್ಸಬಾಯಿಯಂಗ
ನನ್ನ ಕೆಳಗಿನ ರೆಪ್ಪಿ ಜಗ್ಗಿದ್ಲು.
ಭಾಳೊತ್ತು ಮಾತಾಡಲಿಲ್ಲ.

ಆಮ್ಯಾಲ ತನ್ನ ತತ್ತಿ ಎರಡು ಹೋಳು ಮಾಡಿ
ಒಂದು ನನ್ನ ರೊಟ್ಟಿ ಮ್ಯಾಲ ಇಟ್ಟಳು.
ನಾನು ಹೊಳ್ಳಿ ಇಟ್ಟೆ. ಆಕಿ ಮತ್ತ ಇಟ್ಟಳು.
ಇದು ತನ್ನತನಕ ಬಂದೀತು ಅಂತ
ಹುಡುಗ ತಂದು ಗಬಕ್ಕನ ನುಂಗಿದ.

ನನ್ನ ಕಣ್ಣಾಗ ನೀರು ಇಳೀತು.
'ನಿನ್ನ ಬಟ್ಟಿಗೆ ಖಾರ ಐತಲ್ಲಬೇ, ಉರೀತು' ಅಂದೆ.

'ಬ್ಯಾಡಗಿ ಕಾಯಿಗೆ
ಖಾರ ಎಲ್ಲೈತಿ ಯವ್ವಾ,' ಅಂದ್ಲು ಹುಲಿಗೆವ್ವ.
'ಉಣ್ಣು.'